ಅನಾಟಮಿ, ಫಿಸಿಯಾಲಜಿ ಓದಲು ಎಲ್ಲಿಂದ ಶುರು ಮಾಡಬೇಕು? ಕೊಡಗಿನ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಪಿಯುಸಿ ಪರೀಕ್ಷೆ ಮುಗಿದು, ನೀಟ್ ಅಥವಾ ಸಿಇಟಿ ಬರೆದು ಸೀಟಿಗೆ ಕಾಯುವ ತಿಂಗಳುಗಳು ಕೊಡಗಿನಲ್ಲಿ ಮಳೆಯ ತಿಂಗಳುಗಳು. ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ನೆಟ್‌ವರ್ಕೂ ಅಷ್ಟೇ. ಈ ಸಮಯವನ್ನು ಸುಮ್ನೆ ಕಳೆಯಬೇಡಿ. ಎಂಬಿಬಿಎಸ್, ಬಿಎಸ್ಸಿ ನರ್ಸಿಂಗ್, ಜಿಎನ್‌ಎಂ, ಫಿಸಿಯೋಥೆರಪಿ, ಡೆಂಟಲ್, ಲ್ಯಾಬ್ ಟೆಕ್ನಿಷಿಯನ್ ಹೀಗೆ ಯಾವ ಕೋರ್ಸಿಗೆ ಸೇರಿದರೂ ಮೊದಲ ವರ್ಷ ಎದುರಾಗುವುದು ಅನಾಟಮಿ ಮತ್ತು ಫಿಸಿಯಾಲಜಿಯೇ. ದೇಹದಲ್ಲಿ ಯಾವುದು ಎಲ್ಲಿದೆ, ಹೇಗಿದೆ ಅನ್ನುವುದು ಅನಾಟಮಿ. ಅದು ಏನು ಮಾಡುತ್ತದೆ, ಹೇಗೆ ಮಾಡುತ್ತದೆ ಅನ್ನುವುದು ಫಿಸಿಯಾಲಜಿ.

ಮೊದಲ ವರ್ಷದವರಿಗೆ ಪಾಠ ಮಾಡುವಾಗ ನಾನು ಪದೇ ಪದೇ ನೋಡುವ ಸಂಗತಿ ಒಂದಿದೆ. ಚೆನ್ನಾಗಿ ಓದುವ ಮಕ್ಕಳೂ ಮೂಳೆಗಳ ಹೆಸರನ್ನು ಉರು ಹೊಡೆಯುತ್ತಾರೆ. ಆ ಮೂಳೆ ನಿಮ್ಮ ಮೈಯಲ್ಲಿ ಎಲ್ಲಿದೆ, ತೋರಿಸಿ ಅಂದರೆ ಕೈ ತಡವರಿಸುತ್ತದೆ. ಹಾಗಾಗಿ ಇಲ್ಲಿ ಹೇಳುವ ದಾರಿ ಬೇರೆ. ಮೊದಲು ಮುಟ್ಟಿ, ನೋಡಿ, ಎಣಿಸಿ. ಆಮೇಲೆ ಹೆಸರು ಕಲಿಯಿರಿ. ಒಂದು ಅಂಗದ ಆಕಾರ ಓದಿದ ದಿನವೇ ಅದರ ಕೆಲಸವನ್ನೂ ಓದಿ. ಎರಡನ್ನೂ ಬೇರೆ ಮಾಡಿದರೆ ಎರಡೂ ಮರೆತುಹೋಗುತ್ತವೆ.

ಬೇಕಾದ ಸಾಮಾನು

ಜಾಸ್ತಿ ಏನೂ ಬೇಡ. ಗೆರೆ ಇಲ್ಲದ ಒಂದು ದಪ್ಪ ನೋಟ್‌ಬುಕ್, ಕೆಂಪು, ನೀಲಿ ಮತ್ತು ಹಳದಿ ಬಣ್ಣದ ಪೆನ್ಸಿಲ್, ಸೆಕೆಂಡ್ ಮುಳ್ಳಿರುವ ಗಡಿಯಾರ, ಒಂದು ಅಳತೆ ಟೇಪ್, ನಿಮ್ಮ ಪಿಯುಸಿ ಬಯಾಲಜಿ ಪುಸ್ತಕ. ಚಿತ್ರಗಳಿರುವ ಒಂದು ಅಟ್ಲಾಸ್ ಸೀನಿಯರ್‌ಗಳ ಹತ್ತಿರ ಸಿಕ್ಕರೆ ಒಳ್ಳೆಯದು. ದೊಡ್ಡ ಪುಸ್ತಕಗಳನ್ನು ಈಗಲೇ ಕೊಳ್ಳಬೇಡಿ. ಯಾವ ಪುಸ್ತಕ ಬೇಕು ಅಂತ ಕಾಲೇಜಿನಲ್ಲೇ ಹೇಳುತ್ತಾರೆ, ಲೈಬ್ರರಿಯಲ್ಲೂ ಸಿಗುತ್ತವೆ.

ಚಿತ್ರ ಬರೆಯುವಾಗ ಬಣ್ಣದ ನಿಯಮ ಒಂದೇ ಇರಲಿ. ಹೃದಯದಿಂದ ಹೊರಗೆ ಹೋಗುವ ರಕ್ತನಾಳ ಕೆಂಪು, ಹೃದಯಕ್ಕೆ ವಾಪಸ್ ಬರುವುದು ನೀಲಿ, ನರ ಹಳದಿ. ಶ್ವಾಸಕೋಶಕ್ಕೆ ಹೋಗಿಬರುವ ನಾಳಗಳಲ್ಲಿ ಮಾತ್ರ ಬಣ್ಣ ಅದಲುಬದಲು. ಅಲ್ಲಿ ಹೊರಗೆ ಹೋಗುವ ರಕ್ತದಲ್ಲಿ ಆಮ್ಲಜನಕ ಕಡಿಮೆ, ವಾಪಸ್ ಬರುವುದರಲ್ಲಿ ಜಾಸ್ತಿ.

ಹೆಜ್ಜೆ 1: ಎದ್ದು ನಿಲ್ಲಿ, ದಿಕ್ಕು ಕಲಿಯಿರಿ

ಕನ್ನಡಿ ಮುಂದೆ ನೇರವಾಗಿ ನಿಲ್ಲಿ. ಪಾದ ಮುಂದಕ್ಕೆ, ಕೈಗಳು ಪಕ್ಕದಲ್ಲಿ, ಅಂಗೈ ಮುಂದಕ್ಕೆ. ಇದು ಅನಾಟಮಿಕಲ್ ಪೊಸಿಷನ್. ರೋಗಿ ಮಲಗಿರಲಿ, ಕೂತಿರಲಿ, ವಿವರಿಸುವಾಗ ಆತ ಹೀಗೆ ನಿಂತಿದ್ದಾನೆ ಅಂತಲೇ ಲೆಕ್ಕ.

ಈಗ ದಿಕ್ಕುಗಳು. ಮುಂಭಾಗ ಆಂಟೀರಿಯರ್, ಹಿಂಭಾಗ ಪೋಸ್ಟೀರಿಯರ್. ತಲೆಯ ಕಡೆಗೆ ಸುಪೀರಿಯರ್, ಪಾದದ ಕಡೆಗೆ ಇನ್‌ಫೀರಿಯರ್. ದೇಹದ ನಡುಗೆರೆಗೆ ಹತ್ತಿರವಾದದ್ದು ಮೀಡಿಯಲ್, ದೂರವಾದದ್ದು ಲ್ಯಾಟರಲ್. ಕೈಕಾಲುಗಳಲ್ಲಿ ಬುಡದ ಕಡೆಗಿರುವುದು ಪ್ರಾಕ್ಸಿಮಲ್, ತುದಿಯ ಕಡೆಗಿರುವುದು ಡಿಸ್ಟಲ್. ಮೊಣಕೈ ಮುಟ್ಟಿ ಹೇಳಿ: ಇದು ಭುಜಕ್ಕಿಂತ ಡಿಸ್ಟಲ್, ಮಣಿಕಟ್ಟಿಗಿಂತ ಪ್ರಾಕ್ಸಿಮಲ್. ಹೆಬ್ಬೆರಳು ಕಿರುಬೆರಳಿಗಿಂತ ಲ್ಯಾಟರಲ್. ಅಂಗೈ ಮುಂದಕ್ಕಿದ್ದರೆ ಮಾತ್ರ ಇದು ನಿಜ. ಅದಕ್ಕೇ ಆ ನಿಲುವು ಮುಖ್ಯ.

ಎಡ, ಬಲ ಅಂದರೆ ಯಾವಾಗಲೂ ರೋಗಿಯ ಎಡ, ಬಲ. ಪುಸ್ತಕದ ಚಿತ್ರದಲ್ಲೂ, ಎಕ್ಸ್‌ರೇಯಲ್ಲೂ ರೋಗಿ ನಿಮ್ಮ ಎದುರು ನಿಂತಿರುತ್ತಾರೆ. ಅವರ ಬಲ ನಿಮ್ಮ ಎಡಗಡೆ. ಆಪರೇಷನ್ ಥಿಯೇಟರಿನಲ್ಲಿ ಈ ಗೊಂದಲ ಆಗಲೇಬಾರದು. ಹಾಗಾಗಿ ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳಿ.

ಹೆಜ್ಜೆ 2: ನಿಮ್ಮದೇ ಮೂಳೆಗಳನ್ನು ಹುಡುಕಿ

ದೊಡ್ಡವರಲ್ಲಿ 206 ಮೂಳೆಗಳು. ಹುಟ್ಟಿದ ಮಗುವಿನಲ್ಲಿ ಇದಕ್ಕಿಂತ ಜಾಸ್ತಿ ಇರುತ್ತವೆ. ಬೆಳೆಯುತ್ತಾ ಕೆಲವು ಒಂದಕ್ಕೊಂದು ಸೇರಿಕೊಳ್ಳುತ್ತವೆ. ಒಂದು ಕೈಯಲ್ಲಿ ಮಣಿಕಟ್ಟು ಸೇರಿ 27, ಒಂದು ಪಾದದಲ್ಲಿ 26. ಲೆಕ್ಕ ಹಾಕಿ ನೋಡಿ, ಎರಡು ಕೈ ಎರಡು ಪಾದದಲ್ಲೇ ಅರ್ಧಕ್ಕಿಂತ ಜಾಸ್ತಿ ಮೂಳೆಗಳಾದವು.

ಎಲ್ಲವನ್ನೂ ಒಂದೇ ಸಲ ಕಲಿಯಬೇಕಾಗಿಲ್ಲ. ಆಸ್ಪತ್ರೆಯಲ್ಲಿ ದಿನಾ ಉಪಯೋಗಕ್ಕೆ ಬರುವ ಜಾಗಗಳಿಂದ ಶುರು ಮಾಡಿ.

ಮೊದಲನೆಯದು ಎದೆ. ಗಂಟಲಿನ ಬುಡದಲ್ಲಿ ಎರಡು ಕೊರಳೆಲುಬುಗಳ ನಡುವೆ ಒಂದು ಗುಳಿ ಸಿಗುತ್ತದೆ. ಅಲ್ಲಿಂದ ಎದೆಮೂಳೆಯ ಮೇಲೆ ಬೆರಳನ್ನು ಮೆಲ್ಲಗೆ ಕೆಳಗೆ ಜಾರಿಸಿ. ಸುಮಾರು 5 ಸೆಂಟಿಮೀಟರ್ ಕೆಳಗೆ ಅಡ್ಡಕ್ಕೆ ಒಂದು ಉಬ್ಬು ಸಿಗುತ್ತದೆ. ಅದು ಸ್ಟರ್ನಲ್ ಆ್ಯಂಗಲ್. ಅಲ್ಲಿಂದ ಬೆರಳನ್ನು ಪಕ್ಕಕ್ಕೆ ಸರಿಸಿದರೆ ಸಿಗುವುದು ಎರಡನೇ ಪಕ್ಕೆಲುಬು. ಮೊದಲನೆಯದು ಕೊರಳೆಲುಬಿನ ಹಿಂದೆ ಅಡಗಿರುವುದರಿಂದ ಎಣಿಕೆ ಇಲ್ಲಿಂದಲೇ ಶುರು. ಎರಡನೇ ಪಕ್ಕೆಲುಬಿನ ಕೆಳಗಿನ ಸಂದು ಎರಡನೇ ಸಂದು. ಹೀಗೆ ಎಡಗಡೆ ಐದನೇ ಸಂದಿನವರೆಗೆ ಇಳಿಯಿರಿ. ಕೊರಳೆಲುಬಿನ ಮಧ್ಯದಿಂದ ಒಂದು ಗೆರೆ ನೇರವಾಗಿ ಕೆಳಗೆ ಬಂದಿದೆ ಅಂದುಕೊಂಡು ಆ ಗೆರೆ ಹತ್ತಿರ ಅಂಗೈ ಇಡಿ. ಸ್ವಲ್ಪ ಮುಂದಕ್ಕೆ ಬಾಗಿ. ಹೃದಯದ ತುದಿ ಪಕ್ಕೆಗೆ ತಟ್ಟುವುದು ಗೊತ್ತಾಗಬಹುದು. ಇಸಿಜಿ ತೆಗೆಯುವಾಗ ವಿ4 ಅನ್ನುವ ಬಟನ್ ಅಂಟಿಸುವುದು ಇದೇ ಜಾಗಕ್ಕೆ. ಪಕ್ಕೆಲುಬು ಎಣಿಸಲು ಬಾರದವರು ಅಂದಾಜಿನಲ್ಲಿ ಅಂಟಿಸಿದರೆ ಇಸಿಜಿಯೇ ತಪ್ಪಾಗಿ ಬರುತ್ತದೆ.

ಎರಡನೆಯದು ಬೆನ್ನು. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಎದ್ದು ಕಾಣುವ ಗಂಟು ಸಾಮಾನ್ಯವಾಗಿ ಕುತ್ತಿಗೆಯ ಏಳನೇ ಕಶೇರು, ಅಂದರೆ ಬೆನ್ನೆಲುಬಿನ ಏಳನೇ ಮಣಿ. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5 ಕಶೇರುಗಳು. ಅದರ ಕೆಳಗೆ ಒಂದಾಗಿ ಬೆಸೆದುಕೊಂಡ ಸೇಕ್ರಂ ಮತ್ತು ಬಾಲದ ಮೂಳೆ. ಈಗ ಸೊಂಟದ ಎರಡೂ ಕಡೆ ಕೈಯಿಟ್ಟು ಮೂಳೆಯ ಮೇಲಂಚು ಹುಡುಕಿ. ಎರಡೂ ಅಂಚುಗಳನ್ನು ಸೇರಿಸುವ ಗೆರೆ ಬೆನ್ನಿನಲ್ಲಿ ಹೆಚ್ಚು ಕಡಿಮೆ ಸೊಂಟದ ನಾಲ್ಕನೇ ಕಶೇರಿನ ಮೇಲೆ ಹಾಯುತ್ತದೆ. ಸಿಸೇರಿಯನ್‌ಗೆ ಬೆನ್ನಿಗೆ ಅರಿವಳಿಕೆ ಕೊಡುವ ಡಾಕ್ಟರ್ ಮೊದಲು ಮುಟ್ಟಿ ನೋಡುವುದು ಇದನ್ನೇ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಒಂದು ಅಥವಾ ಎರಡನೇ ಕಶೇರಿನ ಹತ್ತಿರ ಮುಗಿದುಹೋಗುತ್ತದೆ. ಅದಕ್ಕಿಂತ ಕೆಳಗೆ ಸೂಜಿ ಹಾಕಿದರೆ ಹುರಿಗೆ ತಗಲುವ ಭಯ ಇರುವುದಿಲ್ಲ. ಒಂದು ಮೂಳೆಯ ಅಂಚು ಗೊತ್ತಿದ್ದರೆ ಎಷ್ಟು ದೊಡ್ಡ ಅಪಾಯ ತಪ್ಪುತ್ತದೆ ನೋಡಿ.

ಮೂರನೆಯದು ಪೃಷ್ಠ. ಇಲ್ಲಿ ಸಯಾಟಿಕ್ ಅನ್ನುವ, ದೇಹದಲ್ಲೇ ಅತಿ ದಪ್ಪದ ನರ ಹಾದುಹೋಗುತ್ತದೆ. ಪೃಷ್ಠವನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿದರೆ ನರ ಇರುವುದು ಒಳಗಿನ ಮತ್ತು ಕೆಳಗಿನ ಭಾಗಗಳಲ್ಲಿ. ಮೇಲಿನ ಹೊರಭಾಗ ಅದರಿಂದ ದೂರ. ಚುಚ್ಚುಮದ್ದು ಕೊಡುವುದನ್ನು ಕಾಲೇಜಿನಲ್ಲೇ ಕಲಿಸುತ್ತಾರೆ. ಈಗ ಜಾಗ ಗುರುತಿಸುವುದನ್ನು ಕಲಿತರೆ ಸಾಕು.

ಹಾಕಿ ಆಡುವವರಿಗೆ, ನೋಡುವವರಿಗೆ ಮೊಣಕಾಲು ಒಳ್ಳೆಯ ಪಾಠ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಹಬ್ಬಕ್ಕೆ ನೀವೂ ಹೋಗಿರಬಹುದು. ಪಾದ ನೆಲಕ್ಕೆ ಕಚ್ಚಿಕೊಂಡು ಮೈ ಮಾತ್ರ ತಿರುಗಿದಾಗ ಮೊಣಕಾಲಿನೊಳಗಿನ ಒಂದು ಅಸ್ಥಿಬಂಧ ಹರಿಯಬಹುದು. ಆಟಗಾರರ ಬಾಯಲ್ಲಿ ಎಸಿಎಲ್ ಅಂತ ಕೇಳುವುದು ಇದನ್ನೇ. ಮೊಣಕಾಲಿನ ಕೆಳಗಿನ ಮೂಳೆ ತೊಡೆಮೂಳೆಯಡಿ ಮುಂದಕ್ಕೆ ಜಾರದಂತೆ ಹಿಡಿದುಕೊಳ್ಳುವುದು ಅದರ ಕೆಲಸ. ಕೆಲಸ ಗೊತ್ತಾದರೆ ಅದು ಯಾವ ದಿಕ್ಕಿನಲ್ಲಿ ಇರಬೇಕು ಅಂತ ನೀವೇ ಊಹಿಸಬಹುದು.

ಹೆಜ್ಜೆ 3: ಜೀವಕೋಶ, ಅಂಗಾಂಶ

ಇದನ್ನು ಪಿಯುಸಿಯಲ್ಲಿ ಓದಿದ್ದೀರಿ. ಒಂದು ದಿನ ಸಾಕು. ಅಂಗಾಂಶದಲ್ಲಿ ನಾಲ್ಕು ಬಗೆ: ಮೇಲ್ಮೈ ಮುಚ್ಚುವುದು, ಜೋಡಿಸುವುದು, ಸ್ನಾಯು, ನರ. ಯಾವ ಅಂಗ ಓದಿದರೂ ಈ ನಾಲ್ಕರಲ್ಲಿ ಯಾವುದು ಎಲ್ಲಿದೆ ಅಂತ ಕೇಳಿಕೊಳ್ಳಿ.

ಹೆಜ್ಜೆ 4: ಫಿಸಿಯಾಲಜಿಗೆ ಒಂದೇ ಪ್ರಶ್ನೆ

ಆ ಪ್ರಶ್ನೆ ಇದು: ಏನಾದರೂ ಏರುಪೇರಾದರೆ ದೇಹ ಅದನ್ನು ಸರಿಗೆ ತರುವುದು ಹೇಗೆ? ಇದಕ್ಕೆ ಹೋಮಿಯೋಸ್ಟೇಸಿಸ್ ಅನ್ನುತ್ತಾರೆ. ಆ ಹೆಸರು ಕೊಟ್ಟವರು ಅಮೆರಿಕದ ವಾಲ್ಟರ್ ಕ್ಯಾನನ್. ಫಿಸಿಯಾಲಜಿಯ ಅರ್ಧಕ್ಕಿಂತ ಜಾಸ್ತಿ ಪಾಠಗಳು ಈ ಪ್ರಶ್ನೆಯ ಉತ್ತರಗಳೇ.

ಮಡಿಕೇರಿಯ ಜುಲೈ ಮಳೆಯಲ್ಲಿ ನೆನೆದು ಮನೆಗೆ ಬಂದಿದ್ದೀರಿ ಅಂದುಕೊಳ್ಳಿ. ಚರ್ಮದಲ್ಲೂ ಮೆದುಳಿನಲ್ಲೂ ಇರುವ ಉಷ್ಣತೆ ಗುರುತಿಸುವ ನರಕೋಶಗಳು ಸುದ್ದಿ ಕಳಿಸುತ್ತವೆ. ಮೆದುಳಿನ ಹೈಪೋಥಲಾಮಸ್ ಅದನ್ನು ತನ್ನ ಗುರಿಯಾದ ಸುಮಾರು 37 ಡಿಗ್ರಿ ಸೆಲ್ಸಿಯಸ್ ಜೊತೆ ಹೋಲಿಸುತ್ತದೆ. ಕಡಿಮೆ ಇದ್ದರೆ ಚರ್ಮದ ರಕ್ತನಾಳಗಳನ್ನು ಸಂಕುಚಿಸುತ್ತದೆ. ಆಗ ಬೆರಳು ಬಿಳಿಚಿಕೊಳ್ಳುತ್ತದೆ, ಬಿಸಿ ಒಳಗೇ ಉಳಿಯುತ್ತದೆ. ಅದೂ ಸಾಲದಿದ್ದರೆ ಸ್ನಾಯುಗಳನ್ನು ನಡುಗಿಸುತ್ತದೆ. ನಡುಕದಿಂದ ಬಿಸಿ ಹುಟ್ಟುತ್ತದೆ. ಮೈ ಬೆಚ್ಚಗಾದ ಮೇಲೆ ನಡುಕ ನಿಲ್ಲುತ್ತದೆ. ಬದಲಾವಣೆಯನ್ನು ಅದರ ವಿರುದ್ಧ ದಿಕ್ಕಿಗೆ ತಳ್ಳುವ ಈ ವ್ಯವಸ್ಥೆಗೆ ನೆಗೆಟಿವ್ ಫೀಡ್‌ಬ್ಯಾಕ್ ಅನ್ನುತ್ತಾರೆ.

ಚಳಿಜ್ವರದಲ್ಲಿ ಮೈ ಸುಡುತ್ತಿದ್ದರೂ ಚಳಿ ಯಾಕೆ? ಸೋಂಕು ತಗಲಿದಾಗ ಹೈಪೋಥಲಾಮಸ್‌ನ ಗುರಿಯೇ ಮೇಲಕ್ಕೆ ಏರುತ್ತದೆ. ಗುರಿ 39 ಆದಾಗ 38 ಕೂಡ ಅದಕ್ಕೆ ತಣ್ಣಗೆ. ಹಾಗಾಗಿ ನಡುಗಿಸುತ್ತದೆ. ಪ್ಯಾರಸಿಟಮಾಲ್ ಗುರಿಯನ್ನು ಕೆಳಗೆ ಇಳಿಸುತ್ತದೆ, ಆಗ ಬೆವರುತ್ತದೆ.

ನೋಟ್‌ಬುಕ್ಕಿನಲ್ಲಿ ಆರು ಪುಟ ತೆಗೆದಿಡಿ: ಉಷ್ಣತೆ, ರಕ್ತದ ಸಕ್ಕರೆ, ರಕ್ತದೊತ್ತಡ, ನೀರಿನ ಅಂಶ, ಕ್ಯಾಲ್ಸಿಯಂ, ಇಂಗಾಲದ ಡೈ ಆಕ್ಸೈಡ್. ಪ್ರತಿ ಪುಟದಲ್ಲೂ ನಾಲ್ಕೇ ಸಾಲು. ಏನು ಬದಲಾಯಿತು, ಯಾರು ಗುರುತಿಸಿದರು, ಯಾರು ತೀರ್ಮಾನ ಮಾಡಿದರು, ಯಾರು ಕೆಲಸ ಮಾಡಿದರು. ಆರೂ ಪುಟ ತುಂಬಿದ ದಿನ ಫಿಸಿಯಾಲಜಿಯ ಭಯ ಬಹುಪಾಲು ಹೋಗಿರುತ್ತದೆ. ನೆಗೆಟಿವ್ ಫೀಡ್‌ಬ್ಯಾಕ್‌ಗೆ ಹೊರತಾದವೂ ಕೆಲವಿವೆ, ಹೆರಿಗೆ ಅದರಲ್ಲೊಂದು. ಅಲ್ಲಿ ಆಕ್ಸಿಟೋಸಿನ್ ಅನ್ನುವ ಹಾರ್ಮೋನ್ ಗರ್ಭಕೋಶವನ್ನು ಸಂಕುಚಿಸುತ್ತದೆ, ಸಂಕುಚಿಸಿದಷ್ಟೂ ಆಕ್ಸಿಟೋಸಿನ್ ಜಾಸ್ತಿ ಬರುತ್ತದೆ. ಮಗು ಹೊರಗೆ ಬರುವವರೆಗೆ ಇದು ಏರುತ್ತಲೇ ಹೋಗುತ್ತದೆ.

ಹೆಜ್ಜೆ 5: ಒಂದು ಹೃದಯವನ್ನು ಕೈಯಲ್ಲಿ ಹಿಡಿಯಿರಿ

ಈ ವಿಷಯದಲ್ಲಿ ಕೊಡಗಿನವರಿಗೆ ದೊಡ್ಡ ಅನುಕೂಲವಿದೆ. ಹಂದಿಯ ಹೃದಯ ಗಾತ್ರದಲ್ಲಿ, ಕೋಣೆಗಳ ಜೋಡಣೆಯಲ್ಲಿ ಮನುಷ್ಯರ ಹೃದಯಕ್ಕೆ ತುಂಬಾ ಹತ್ತಿರ. ಹಂದಿಯ ಕವಾಟಗಳನ್ನು ಸಂಸ್ಕರಿಸಿ ಮನುಷ್ಯರಿಗೆ ಹಾಕುತ್ತಾರೆ. 2022ರ ಜನವರಿಯಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಜೀನ್ ಬದಲಾಯಿಸಿದ ಹಂದಿಯ ಇಡೀ ಹೃದಯವನ್ನೇ ಒಬ್ಬ ರೋಗಿಗೆ ಕಸಿ ಮಾಡಿದ್ದರು. ಅವರು ಸುಮಾರು ಎರಡು ತಿಂಗಳು ಬದುಕಿದ್ದರು. ನಮ್ಮಲ್ಲಿ ಹಂದಿ ಮಾಂಸದ ಅಂಗಡಿ ಎಲ್ಲಾ ಪೇಟೆಯಲ್ಲೂ ಇದೆ. ಮನೆಯಲ್ಲಿ ಹಂದಿ ಆಗದಿದ್ದರೆ ಆಡು, ಕುರಿಯ ಹೃದಯವೂ ಆಗುತ್ತದೆ, ಸ್ವಲ್ಪ ಚಿಕ್ಕದು ಅಷ್ಟೇ.

ಅಂಗಡಿಯವರಿಗೆ ಹಿಂದಿನ ದಿನವೇ ಹೇಳಿಡಿ: "ಅಣ್ಣ, ಹಾರ್ಟ್ ಕುಯ್ಯದೆ ಇಡೀದಾಗಿ ಬೇಕು, ಮೇಲಿನ ಕೊಳವೆ ಉದ್ದ ಬಿಡಿ." ಹೇಳದಿದ್ದರೆ ಸೀಳಿಯೇ ಕೊಡುತ್ತಾರೆ. ಕೈಗವಸು, ಹಲಗೆ, ಹರಿತವಾದ ಚಾಕು, ಕತ್ತರಿ, ಒಂದು ಚೊಂಬು ನೀರು ಇಟ್ಟುಕೊಳ್ಳಿ. ನಲ್ಲಿ ಕೆಳಗೆ ಹಿಡಿದು ಒಳಗಿನ ಹೆಪ್ಪುಗಟ್ಟಿದ ರಕ್ತ ತೊಳೆಯಿರಿ.

ಕತ್ತರಿಸುವ ಮೊದಲು ಹೊರಗಿನಿಂದ ನೋಡಿ. ಎರಡೂ ಪಕ್ಕ ಒತ್ತಿ. ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗೆ. ಗಟ್ಟಿ ಇರುವುದು ಎಡ ವೆಂಟ್ರಿಕಲ್, ಅಂದರೆ ಎಡಗಡೆಯ ಕೆಳಗಿನ ಕೋಣೆ. ಕೆಳಗಿನ ಚೂಪು ತುದಿಯೂ ಅದರದ್ದೇ. ಮುಂಭಾಗದಲ್ಲಿ ಓರೆಯಾಗಿ ಇಳಿಯುವ ಒಂದು ತೋಡಿದೆ, ಅದರಲ್ಲಿ ಕೊಬ್ಬಿನ ನಡುವೆ ರಕ್ತನಾಳ ಕಾಣುತ್ತದೆ. ಅದು ಹೃದಯಕ್ಕೇ ರಕ್ತ ಕೊಡುವ ಕೊರೊನರಿ ನಾಳದ ಕವಲು. ಹಾರ್ಟ್ ಅಟ್ಯಾಕ್‌ನಲ್ಲಿ ಅನೇಕ ಸಲ ಬ್ಲಾಕ್ ಆಗುವುದು ಮನುಷ್ಯರ ಹೃದಯದ ಇದೇ ನಾಳ. ಎಷ್ಟು ಸಣ್ಣದು ಅಂತ ಸರಿಯಾಗಿ ನೋಡಿಕೊಳ್ಳಿ. ಮೇಲ್ಗಡೆ ಮುಂದಿರುವ ದೊಡ್ಡ ಕೊಳವೆ ಶ್ವಾಸಕೋಶಕ್ಕೆ ಹೋಗುವುದು. ಅದರ ಹಿಂದಿರುವ ದಪ್ಪ ಗೋಡೆಯ ಕೊಳವೆ ಇಡೀ ಮೈಗೆ ರಕ್ತ ಒಯ್ಯುವ ಅಯೋರ್ಟಾ. ಎರಡಕ್ಕೂ ಬೆರಳು ಹಾಕಿ, ಗೋಡೆಯ ವ್ಯತ್ಯಾಸ ತಿಳಿಯಿರಿ.

ಈಗ ಕವಾಟದ ಪರೀಕ್ಷೆ. ಅಯೋರ್ಟಾದ ಬಾಯಿಗೆ ಮೇಲಿನಿಂದ ನೀರು ಸುರಿಯಿರಿ. ನೀರು ಒಳಗೆ ಇಳಿಯದೆ ನಿಲ್ಲುತ್ತದೆ, ಸ್ವಲ್ಪ ಸ್ವಲ್ಪ ಮಾತ್ರ ಸೋರಬಹುದು. ಕೆಳಗೆ ಮೂರು ಪುಟ್ಟ ಜೇಬಿನಂಥ ಪೊರೆಗಳು ನೀರು ತುಂಬಿಕೊಂಡು ಒಂದಕ್ಕೊಂದು ಒತ್ತಿ ನಿಂತಿವೆ. ಆಮೇಲೆ ಎಡಗಡೆಯ ಮೇಲಿನ ಕೋಣೆ, ಅಂದರೆ ಏಟ್ರಿಯಂ, ಅದನ್ನು ಕತ್ತರಿಯಿಂದ ತೆರೆದು ಕೆಳಗಿನ ಕೋಣೆಗೆ ನೀರು ತುಂಬಿ. ಅಯೋರ್ಟಾವನ್ನು ಬೆರಳಲ್ಲಿ ಅದುಮಿ ಹಿಡಿದು ಹೃದಯದ ಕೆಳಭಾಗವನ್ನು ಮೆಲ್ಲಗೆ ಹಿಂಡಿ. ಈ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟದ ಎರಡು ಹಾಳೆಗಳು ಮೇಲಕ್ಕೆ ಉಬ್ಬಿ ಬಾಯಿ ಮುಚ್ಚುತ್ತವೆ. ಇದನ್ನು ಒಮ್ಮೆ ನೋಡಿದವರಿಗೆ ಕವಾಟದ ಪಾಠ ಇನ್ನೊಮ್ಮೆ ಹೇಳಬೇಕಾಗಿಲ್ಲ. ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ಕೇಳುವ ಮೊದಲ ಶಬ್ದ ಏಟ್ರಿಯಂ, ವೆಂಟ್ರಿಕಲ್ ನಡುವಿನ ಕವಾಟಗಳು ಮುಚ್ಚಿದಾಗ ಬರುವುದು. ಎರಡನೆಯದು ಅಯೋರ್ಟಾ ಮತ್ತು ಶ್ವಾಸಕೋಶದ ನಾಳದ ಕವಾಟಗಳು ಮುಚ್ಚಿದಾಗ ಬರುವುದು.

ಕೊನೆಗೆ ಎಡ ಏಟ್ರಿಯಂನಿಂದ ತುದಿಯವರೆಗೆ ಉದ್ದಕ್ಕೆ ಸೀಳಿ. ಬಲಗಡೆಯೂ ಹಾಗೇ. ಕವಾಟದ ಅಂಚಿನಿಂದ ಬಿಳಿ ದಾರಗಳು ಕೆಳಗಿನ ಮಾಂಸದ ಗಂಟುಗಳಿಗೆ ಕಟ್ಟಿಕೊಂಡಿವೆ. ಎಳೆದು ನೋಡಿ, ಸುಲಭಕ್ಕೆ ಹರಿಯುವುದಿಲ್ಲ. ಕವಾಟ ಮೇಲಕ್ಕೆ ಮಗುಚಿಹೋಗದಂತೆ ಹಿಡಿಯುವುದು ಇವೇ. ಈಗ ಸ್ಕೇಲ್ ಇಟ್ಟು ಎರಡೂ ವೆಂಟ್ರಿಕಲ್‌ಗಳ ಗೋಡೆ ಅಳೆಯಿರಿ. ಎಡಗಡೆಯ ಗೋಡೆ ಬಲಗಡೆಗಿಂತ ಎರಡು ಮೂರು ಪಟ್ಟು ದಪ್ಪ. ಯಾಕೆ? ಎರಡೂ ಕೋಣೆಗಳು ಒಂದೇ ಪ್ರಮಾಣದ ರಕ್ತ ತಳ್ಳುತ್ತವೆ. ಆದರೆ ಬಲಗಡೆಯದ್ದು ಪಕ್ಕದ ಶ್ವಾಸಕೋಶಕ್ಕೆ ಸುಮಾರು 25 ಮಿ.ಮೀ. ಪಾದರಸದ ಒತ್ತಡದಲ್ಲಿ ತಳ್ಳಿದರೆ ಸಾಕು. ಎಡಗಡೆಯದ್ದು ಇಡೀ ಮೈಗೆ 120ರ ಒತ್ತಡದಲ್ಲಿ ತಳ್ಳಬೇಕು. ಬಹಳ ವರ್ಷ ಬಿಪಿ ಇದ್ದವರಲ್ಲಿ ಎಡಗಡೆಯ ಗೋಡೆ ಇನ್ನೂ ದಪ್ಪವಾಗುವುದೂ ಇದಕ್ಕೇ.

ಕೆಲಸ ಮುಗಿದ ಮೇಲೆ ಹಲಗೆ, ಚಾಕು, ಕೈ ಎಲ್ಲವನ್ನೂ ಸೋಪಿನಿಂದ ತೊಳೆಯಿರಿ. ಹೃದಯವನ್ನು ಆಳವಾಗಿ ಹೂತುಬಿಡಿ. ನಾಯಿಗೆ ಹಸಿಯಾಗಿ ಹಾಕಬೇಡಿ.

ಹೆಜ್ಜೆ 6: ಏರು ಹತ್ತಿ, ನಾಡಿ ಎಣಿಸಿ

ಹೆಬ್ಬೆರಳಿನ ಬುಡದ ಕಡೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಡಿ. ಹೆಬ್ಬೆರಳಿನಿಂದ ನಾಡಿ ನೋಡಬೇಡಿ, ಅದರದ್ದೇ ಮಿಡಿತ ಸಿಗುತ್ತದೆ. ಐದು ನಿಮಿಷ ಸುಮ್ನೆ ಕೂತು ಒಂದು ಪೂರ್ತಿ ನಿಮಿಷ ಎಣಿಸಿ. ಸಾಮಾನ್ಯವಾಗಿ 60ರಿಂದ 100. ಆಮೇಲೆ ಮನೆ ಹತ್ತಿರದ ಒಂದು ಏರನ್ನು ಮೂರು ನಿಮಿಷ ಬೇಗ ಬೇಗ ಹತ್ತಿ. ಕೊಡಗಿನಲ್ಲಿ ಏರು ಹುಡುಕಬೇಕಾಗಿಲ್ಲ, ಅಲ್ವಾ? ನಿಂತ ತಕ್ಷಣ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಒಂದು, ಎರಡು, ಐದು ನಿಮಿಷದ ನಂತರ ಮತ್ತೆ ಎಣಿಸಿ. ಉಸಿರನ್ನೂ ಎಣಿಸಿ. ಎರಡನ್ನೂ ಗ್ರಾಫ್ ಮಾಡಿ. ಆಸ್ತಮಾ ಅಥವಾ ಹೃದಯದ ತೊಂದರೆ ಇರುವವರು ಇದನ್ನು ಮಾಡಬೇಡಿ, ಮನೆಯವರ ನಾಡಿ ಎಣಿಸಿದರೆ ಸಾಕು.

ಲೆಕ್ಕ ಹೀಗೆ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ಹೊರಬರುತ್ತದೆ. ನಿಮಿಷಕ್ಕೆ 72 ಬಡಿತ ಅಂದರೆ 5 ಲೀಟರ್. ನಮ್ಮ ಮೈಯಲ್ಲಿ ಇರುವ ರಕ್ತವೂ ಹೆಚ್ಚು ಕಡಿಮೆ ಅಷ್ಟೇ. ಅಂದರೆ ಇಡೀ ರಕ್ತ ಒಂದು ನಿಮಿಷದಲ್ಲಿ ಒಂದು ಸುತ್ತು ಬರುತ್ತದೆ. ಇಂಥದ್ದೇ ಲೆಕ್ಕವನ್ನು ಮುಂದಿಟ್ಟು, ರಕ್ತ ಸುತ್ತುತ್ತದೆ ಅಂತ 1628ರಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ವಿಲಿಯಂ ಹಾರ್ವಿ. ಇಷ್ಟು ರಕ್ತವನ್ನು ಪ್ರತಿ ನಿಮಿಷ ಹೊಸದಾಗಿ ತಯಾರಿಸಲು ಯಾವ ದೇಹಕ್ಕೂ ಸಾಧ್ಯವಿಲ್ಲ, ಹಾಗಾಗಿ ಅದೇ ರಕ್ತ ತಿರುಗಿ ಬರುತ್ತಿರಬೇಕು ಅನ್ನುವುದು ಅವರ ವಾದ.

ಕೂತುಕೊಂಡು ಉಸಿರು ಹಿಡಿದು ನೋಡಿ. ಇನ್ನು ಆಗುವುದಿಲ್ಲ ಅನ್ನಿಸುವುದು ಮುಖ್ಯವಾಗಿ ಇಂಗಾಲದ ಡೈ ಆಕ್ಸೈಡ್ ಏರಿದ್ದರಿಂದ. ಆಮ್ಲಜನಕ ಆಗಿನ್ನೂ ಸಾಕಷ್ಟು ಇರುತ್ತದೆ. ನೀರಿನೊಳಗೆ ಈ ಪ್ರಯೋಗ ಬೇಡವೇ ಬೇಡ.

ಇನ್ನೊಂದು ಪ್ರಶ್ನೆ ನಮ್ಮ ಊರಿನದ್ದು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಎತ್ತರ, ತಡಿಯಂಡಮೋಳ್ 1748 ಮೀಟರ್. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಾ ಕಡೆ ಶೇ. 21 ಇದ್ದರೂ ಗಾಳಿಯ ಒತ್ತಡ ಮಡಿಕೇರಿಯಲ್ಲಿ ಮಂಗಳೂರಿಗಿಂತ ಶೇ. 12-13ರಷ್ಟು ಕಡಿಮೆ. ಆದರೂ ಆರೋಗ್ಯವಂತರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಿಮೋಗ್ಲೋಬಿನ್ ಆಮ್ಲಜನಕ ಹಿಡಿಯುವ ರೀತಿಯೇ ಇದಕ್ಕೆ ಕಾರಣ. ಒತ್ತಡ ಸ್ವಲ್ಪ ಇಳಿದರೂ ಅದು ತುಂಬಿಕೊಂಡೇ ಇರುತ್ತದೆ. ಪುಸ್ತಕದಲ್ಲಿ ಆಕ್ಸಿಜನ್ ಡಿಸೋಸಿಯೇಷನ್ ಕರ್ವ್ ಅಂತ ಬಾಗಿದ ಗೆರೆಯ ಚಿತ್ರ ಇರುತ್ತದೆ. ಅದರ ಮೇಲ್ಭಾಗ ಯಾಕೆ ಚಪ್ಪಟೆ ಅನ್ನುವುದಕ್ಕೆ ಉತ್ತರ ಇಲ್ಲಿದೆ.

ಹೆಜ್ಜೆ 7: ರಕ್ತ

ತೋಟಕ್ಕೆ ಹೋದವರ ಕಾಲಿಗೆ ಜಿಗಣೆ ಹತ್ತುವುದು ನಮಗೆ ಹೊಸದಲ್ಲ. ಜಿಗಣೆ ಬಿದ್ದುಹೋದ ಮೇಲೂ ರಕ್ತ ಸೋರುತ್ತಲೇ ಇರುತ್ತದೆ. ಸಾಮಾನ್ಯ ಗಾಯದಲ್ಲಿ ಪ್ಲೇಟ್‌ಲೆಟ್‌ಗಳು ಮೊದಲು ಅಂಟಿಕೊಳ್ಳುತ್ತವೆ. ಆಮೇಲೆ ಥ್ರಾಂಬಿನ್ ಅನ್ನುವ ಕಿಣ್ವ ಫೈಬ್ರಿನೋಜೆನ್ನನ್ನು ಫೈಬ್ರಿನ್ ಎಳೆಗಳಾಗಿ ಮಾಡುತ್ತದೆ. ಆ ಎಳೆಗಳ ಬಲೆಯೇ ಹೆಪ್ಪು. ಜಿಗಣೆಯ ಎಂಜಲಿನಲ್ಲಿ ಥ್ರಾಂಬಿನ್‌ಗೆ ಅಂಟಿಕೊಂಡು ಅದನ್ನು ತಡೆಯುವ ವಸ್ತುವಿದೆ. ಔಷಧಿ ಜಿಗಣೆಯಲ್ಲಿ ಸಿಕ್ಕ ಇಂಥ ವಸ್ತುವಿನ ಹೆಸರು ಹಿರುಡಿನ್. ಹೆಪ್ಪುಗಟ್ಟುವ ಸರಣಿಯನ್ನು ಓದುವಾಗ ಜಿಗಣೆ ಯಾವ ಮೆಟ್ಟಿಲಲ್ಲಿ ಅಡ್ಡ ಹಾಕಿತು ಅಂತ ಗುರುತು ಹಾಕಿ.

ಮಂಡಲದ ಹಾವು ಕಚ್ಚಿದಾಗಲೂ ರಕ್ತ ಹೆಪ್ಪುಗಟ್ಟುವ ಸಾಮಗ್ರಿಯೇ ಖಾಲಿಯಾಗುತ್ತದೆ. ಅದಕ್ಕೆ ಆಸ್ಪತ್ರೆಯಲ್ಲಿ ಒಣಗಿದ ಗಾಜಿನ ನಳಿಕೆಗೆ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ನೋಡುತ್ತಾರೆ. ಹೆಪ್ಪುಗಟ್ಟಿಲ್ಲ ಅಂದರೆ ವಿಷ ಏರಿದೆ ಅಂತ ಅರ್ಥ. ನಾಗರ, ಕಟ್ಟುಹಾವುಗಳದ್ದು ಬೇರೆ ದಾರಿ. ನರ ಮತ್ತು ಸ್ನಾಯು ಸೇರುವ ಜಾಗದಲ್ಲಿ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಸುದ್ದಿ ದಾಟಿಸುತ್ತದೆ. ವಿಷ ಅಲ್ಲಿ ತಡೆ ಹಾಕುತ್ತದೆ. ಮೊದಲು ಕಣ್ಣಿನ ರೆಪ್ಪೆ ಜೋತುಬೀಳುತ್ತದೆ, ಕೊನೆಗೆ ಉಸಿರಾಟದ ಸ್ನಾಯು ನಿಲ್ಲುತ್ತದೆ. ಯಾವ ಹಾವೇ ಕಚ್ಚಲಿ, ಕುಯ್ಯುವುದು, ಬಿಗಿಯಾಗಿ ಕಟ್ಟುವುದು, ಹೀರುವುದು ಮಾಡಬಾರದು. ಕಚ್ಚಿದ ಅಂಗ ಅಲುಗಾಡದಂತೆ ಇಟ್ಟು ಕೂಡಲೇ ಆಸ್ಪತ್ರೆಗೆ ಸೇರಿಸಬೇಕು.

ಸಿಕಲ್ ಸೆಲ್ ರಕ್ತಹೀನತೆಯನ್ನು ಮನಸ್ಸಿಟ್ಟು ಓದಿ. ಕೊಡಗು, ವಯನಾಡು, ನೀಲಗಿರಿ ಭಾಗದ ಬುಡಕಟ್ಟು ಸಮುದಾಯಗಳಲ್ಲಿ ಇದು ಕಂಡುಬರುತ್ತದೆ. ನಾಳೆ ನೀವು ಕೆಲಸ ಮಾಡುವುದು ಅವರ ಹಾಡಿಗಳಲ್ಲೇ ಇರಬಹುದು. ಹಿಮೋಗ್ಲೋಬಿನ್‌ನ ಬೀಟಾ ಸರಪಣಿಯಲ್ಲಿ ಆರನೇ ಅಮೈನೋ ಆಮ್ಲ ಒಂದೇ ಬದಲಾಗಿರುತ್ತದೆ. ಅಷ್ಟಕ್ಕೇ ಕೆಂಪು ರಕ್ತಕಣ ಆಮ್ಲಜನಕ ಕಡಿಮೆಯಾದಾಗ ಕುಡುಗೋಲಿನ ಆಕಾರಕ್ಕೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ತೀವ್ರ ನೋವು ಬರುತ್ತದೆ. ಸಾಮಾನ್ಯ ಕಣ ಸುಮಾರು 120 ದಿನ ಬಾಳಿದರೆ ಇವು ಬಹಳ ಬೇಗ ಒಡೆಯುತ್ತವೆ. ಚಳಿ, ನೀರಿನ ಕೊರತೆ ನೋವನ್ನು ಕೆರಳಿಸಬಹುದು. ಹಾಗಾಗಿ ಕೊಡಗಿನ ಮಳೆಗಾಲ ಇವರಿಗೆ ಕಷ್ಟದ ಕಾಲ. ತಂದೆ ತಾಯಿ ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಶೇ. 25. ಇದರ ತಪಾಸಣೆಗಾಗಿ 2023ರಲ್ಲಿ ರಾಷ್ಟ್ರೀಯ ಯೋಜನೆ ಶುರುವಾಗಿದೆ, ಕರ್ನಾಟಕವೂ ಅದರಲ್ಲಿದೆ.

ಹೆಜ್ಜೆ 8: ಉಳಿದ ಅಂಗಗಳು

ಕಿಡ್ನಿ ಬಗ್ಗೆ ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ಅದು ಮುಖ್ಯವಾಗಿ ಕಸವನ್ನು ಹೆಕ್ಕಿ ಹೆಕ್ಕಿ ಹೊರಗೆ ಹಾಕುವುದಲ್ಲ. ಹಬ್ಬಕ್ಕೆ ಮನೆ ತೊಳೆಯುವಾಗ ಸಾಮಾನೆಲ್ಲಾ ಅಂಗಳಕ್ಕೆ ಹಾಕಿ, ಬೇಕಾದ್ದನ್ನು ಮಾತ್ರ ಒಳಗೆ ತರುವ ಹಾಗೆ, ಮೊದಲು ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಆಮೇಲೆ ಹೆಚ್ಚುಕಡಿಮೆ ಎಲ್ಲವನ್ನೂ ವಾಪಸ್ ತೆಗೆದುಕೊಳ್ಳುತ್ತದೆ. ಮೂತ್ರವಾಗಿ ಹೋಗುವುದು ಒಂದೂವರೆ ಲೀಟರಿನಷ್ಟು. ಕಿಡ್ನಿಯೊಳಗೆ ಸೋಸುವ ಪುಟ್ಟ ಘಟಕವಾದ ನೆಫ್ರಾನ್‌ನ ಯಾವ ಭಾಗ ಏನನ್ನು ವಾಪಸ್ ತರುತ್ತದೆ ಅನ್ನುವುದೇ ಪಾಠ.

ಜೀರ್ಣಾಂಗಗಳಿಗೆ ಟೇಪ್ ಹಿಡಿದು ಅಂಗಳದಲ್ಲಿ 6 ಮೀಟರ್ ಅಳೆಯಿರಿ, ಸಣ್ಣ ಕರುಳು ಅಷ್ಟು ಉದ್ದ. ದೊಡ್ಡ ಕರುಳು ಒಂದೂವರೆ ಮೀಟರ್. ಉದ್ದ ಯಾಕೆ ಬೇಕು ಅಂದರೆ ಹೀರಿಕೊಳ್ಳಲು ಮೇಲ್ಮೈ ಬೇಕು. ಹಾರ್ಮೋನ್‌ಗಳನ್ನು ಪಟ್ಟಿ ಮಾಡಿ ಓದಬೇಡಿ. ಹೆಜ್ಜೆ 4ರ ಆರು ಪುಟಗಳಲ್ಲೇ ಅವುಗಳ ಜಾಗ ಹುಡುಕಿ. ನರಮಂಡಲ ದೊಡ್ಡದು. ಈಗ 12 ಜೋಡಿ ಕಪಾಲ ನರಗಳ ಹೆಸರು ಮತ್ತು ಕೆಲಸ, 31 ಜೋಡಿ ಬೆನ್ನುಹುರಿ ನರಗಳ ಲೆಕ್ಕ ಸಾಕು.

ಹೆಜ್ಜೆ 9: ದಿನಾ ಓದುವ ಕ್ರಮ

ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ಚಿತ್ರ ಬರೆಯಿರಿ. ಆಮೇಲೆ ಪುಸ್ತಕ ತೆರೆದು ಬಿಟ್ಟದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಿ. ಮರುದಿನ, ವಾರದ ನಂತರ, ತಿಂಗಳ ನಂತರ ಅದೇ ಚಿತ್ರ ಮತ್ತೆ ಬರೆಯಿರಿ. ಅಂಡರ್‌ಲೈನ್ ಮಾಡುತ್ತಾ ನಾಲ್ಕು ಸಲ ಓದುವುದಕ್ಕಿಂತ ಇದು ಜಾಸ್ತಿ ಉಳಿಯುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಹೆಸರುಗಳ ಭಯ ಇರುವುದು ಸಹಜ. ಮೊದಲು ವಿಷಯವನ್ನು ಮನೆಮಾತಿನಲ್ಲಿ ವಿವರಿಸಿ. ಕನ್ನಡವೋ, ಕೊಡವ ತಕ್ಕೋ, ಅರೆಭಾಷೆಯೋ, ಮಲಯಾಳವೋ, ಯಾವುದಾದರೂ ಸರಿ. ಅಜ್ಜಿ ತೆಗೆದುಕೊಳ್ಳುವಂಥ ಕೆಲವು ಬಿಪಿ ಮಾತ್ರೆಗಳಿಂದ ಯಾಕೆ ಪದೇ ಪದೇ ಮೂತ್ರ ಬರುತ್ತದೆ ಅಂತ ಅಜ್ಜಿಗೇ ಅರ್ಥವಾಗುವಂತೆ ಹೇಳಲು ಬಂದರೆ ಕಿಡ್ನಿ ಪಾಠ ಬಂದಿದೆ ಅಂತಲೇ. ಮಾತ್ರೆ ನಿಲ್ಲಿಸಿ, ಬದಲಾಯಿಸಿ ಅಂತ ಮಾತ್ರ ಹೇಳಬೇಡಿ, ಅದು ಡಾಕ್ಟರ ಕೆಲಸ. ವಿಷಯ ತಿಳಿದ ಮೇಲೆ ಹೆಸರುಗಳನ್ನು ತುಂಡು ಮಾಡಿ ಕಲಿಯಿರಿ. ಹೈಪೋ ಅಂದರೆ ಕಡಿಮೆ, ಹೈಪರ್ ಅಂದರೆ ಜಾಸ್ತಿ, ಐಟಿಸ್ ಅಂದರೆ ಉರಿಯೂತ, ಎಕ್ಟಮಿ ಅಂದರೆ ಕತ್ತರಿಸಿ ತೆಗೆಯುವುದು. ಇಂಥ ಐವತ್ತು ತುಂಡುಗಳು ಗೊತ್ತಿದ್ದರೆ ಹೊಸ ಹೆಸರು ಎದುರಾದಾಗ ಹೆದರಿಕೆ ಆಗುವುದಿಲ್ಲ.

ಹೆಜ್ಜೆ 10: ಡಿಸೆಕ್ಷನ್ ಹಾಲ್‌ಗೆ ಹೋಗುವ ಮೊದಲು

ಮಡಿಕೇರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು 2016ರಲ್ಲಿ ಶುರುವಾಯಿತು. ವಿರಾಜಪೇಟೆಯಲ್ಲಿ ಡೆಂಟಲ್ ಕಾಲೇಜಿದೆ. ಹಾಗಾಗಿ ಜಿಲ್ಲೆಯೊಳಗೇ ಓದುವ ಅವಕಾಶ ಈಗಿದೆ. ಎಂಬಿಬಿಎಸ್ ಸೇರಿದವರು ಮೊದಲ ವರ್ಷವೇ ಮೃತದೇಹದ ಮೇಲೆ ಅನಾಟಮಿ ಕಲಿಯುತ್ತಾರೆ. ನರ್ಸಿಂಗ್‌ನವರಿಗೆ ಹೆಚ್ಚಾಗಿ ಮಾದರಿಗಳನ್ನು, ಸಂರಕ್ಷಿಸಿದ ಅಂಗಗಳನ್ನು ತೋರಿಸುತ್ತಾರೆ.

ಆ ದೇಹ ಯಾರದ್ದೋ ಅಪ್ಪ, ಅಮ್ಮ. ಎಷ್ಟೋ ಜನ ಬದುಕಿರುವಾಗಲೇ ದೇಹದಾನಕ್ಕೆ ಸಹಿ ಹಾಕಿ, ಮನೆಯವರನ್ನು ಒಪ್ಪಿಸಿ ಕೊಟ್ಟಿರುತ್ತಾರೆ. ಇದಕ್ಕೆ ನಮ್ಮ ರಾಜ್ಯದಲ್ಲಿ 1957ರ ಕರ್ನಾಟಕ ಅನಾಟಮಿ ಕಾಯ್ದೆ ಇದೆ. ಅಲ್ಲಿ ಫೋಟೋ ತೆಗೆಯಬಾರದು, ತಮಾಷೆ ಮಾಡಬಾರದು. ಬಹಳಷ್ಟು ಕಾಲೇಜುಗಳಲ್ಲಿ ಮೊದಲ ದಿನ ವಿದ್ಯಾರ್ಥಿಗಳಿಂದ ಪ್ರತಿಜ್ಞೆ ಮಾಡಿಸುತ್ತಾರೆ. ಅದನ್ನು ಮನಸ್ಸಿಟ್ಟು ಹೇಳಿ.

ದೇಹ ಕೆಡದಂತೆ ಬಳಸುವ ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುತ್ತದೆ, ತಲೆ ಸುತ್ತಬಹುದು. ಬೆಳಿಗ್ಗೆ ತಿಂಡಿ ತಿಂದೇ ಹೋಗಿ. ಕಾಂಟ್ಯಾಕ್ಟ್ ಲೆನ್ಸ್ ಬದಲು ಕನ್ನಡಕ ಹಾಕಿಕೊಳ್ಳಿ. ಕೂದಲು ಕಟ್ಟಿಕೊಳ್ಳಿ, ಕೋಟು, ಕೈಗವಸು, ಬೆರಳು ಮುಚ್ಚುವ ಶೂ ಇರಲಿ. ತಲೆ ಸುತ್ತಿದರೆ ನಾಚಿಕೆ ಪಡದೆ ಹೊರಗೆ ಬಂದು ಕೂತುಕೊಳ್ಳಿ. ಹಿಂದಿನ ರಾತ್ರಿ ಮರುದಿನದ ಭಾಗದ ಚಿತ್ರ ಒಂದು ಸಲ ಬರೆದುಕೊಂಡು ಹೋಗಿ. ಟೇಬಲ್ಲಿನ ಹಿಂದೆ ನಿಲ್ಲಬೇಡಿ, ಮುಂದೆ ಬನ್ನಿ. ಮೇಷ್ಟ್ರು ಒಂದು ನರವನ್ನು ಎತ್ತಿ ತೋರಿಸಿದಾಗ ಅದೇ ನರ ನಿಮ್ಮ ಕೈಯಲ್ಲಿ ಎಲ್ಲಿ ಹೋಗುತ್ತದೆ ಅಂತ ಬೆರಳಿಟ್ಟು ನೋಡಿಕೊಳ್ಳಿ. ಮೂಳೆಗಳ ಸೆಟ್ ಎಲ್ಲರಿಗೂ ಒಟ್ಟಿಗೆ ಸಿಗುವುದಿಲ್ಲ. ಹಾಗಾಗಿ ಮ್ಯೂಸಿಯಂ ಅಟೆಂಡರ್ ಹತ್ತಿರ ಮರ್ಯಾದೆಯಿಂದ ಮಾತನಾಡಿ, ಸಂಜೆ ಖಾಲಿ ಇರುವ ಹೊತ್ತು ಯಾವುದು ಅಂತ ಮೊದಲ ವಾರವೇ ಕೇಳಿಟ್ಟುಕೊಳ್ಳಿ.